ಉಡುಪಿ ಕಡೆಯ ಮಡಕೆ ಸ್ಟುಡಿಯೋದಲ್ಲಿ ಆರು ತಿಂಗಳ ಕಲಿಕೆ: ಸೇರುವುದಾದರೆ ಮಳೆಗಾಲಕ್ಕೆ ಸೇರಿ

ಕುಂಬಾರರ ಚಕ್ರವಾದ ತಿಗರಿಯ ಮುಂದೆ ಕೂತು ಫೋಟೊ ತೆಗೆಸಿಕೊಳ್ಳುವ ಆಸೆ ಮಾತ್ರ ಇದ್ದರೆ ಭಾನುವಾರದ ಎರಡು ಗಂಟೆಯ ಕ್ಲಾಸು ಸಾಕು. ಇಲ್ಲಿ ಹೇಳುತ್ತಿರುವುದು ಆರ್ಡರ್ ಹಿಡಿದು ಚಹಾ ಕಪ್, ಬಟ್ಟಲು, ಹೂದಾನಿ ಮಾಡಿ ಮಾರುವ ಸ್ಟುಡಿಯೋದಲ್ಲಿ ಕೆಲಸದಾಳಾಗಿ ನಿಂತು ಕಲಿಯುವ ಬಗ್ಗೆ. ಉಡುಪಿ ಹೊರವಲಯದ ಈ ಸ್ಟುಡಿಯೋ ಒಂದು ಸಲಕ್ಕೆ ಇಬ್ಬರನ್ನು ಆರು ತಿಂಗಳಿಗೆ ತೆಗೆದುಕೊಳ್ಳುತ್ತದೆ. ಫೀಸಿಲ್ಲ, ಸಂಬಳವೂ ಇಲ್ಲ. ಕೊರತೆಗಳನ್ನೂ ಬರೆಯಲಿಕ್ಕಿರುವುದರಿಂದ ಹೆಸರು ಹಾಕಿಲ್ಲ. ಬೇರೆ ಕಡೆ ಸೇರುವವರೂ ಇದೇ ವಿಷಯಗಳನ್ನು ನೋಡಿಕೊಳ್ಳಬಹುದು.

ಮೊದಲ ಮೂರು ವಾರ ತಿಗರಿ ಮುಟ್ಟಲಿಕ್ಕಿಲ್ಲ, ಬರೀ ಮಣ್ಣಿನ ಕೆಲಸ. ಇದಕ್ಕೆ ಬೇಸರಪಟ್ಟು ಬಿಟ್ಟುಹೋಗುವವರಿದ್ದಾರೆ, ಆದರೆ ಸ್ಟುಡಿಯೋದವರ ಕ್ರಮವೇ ಸರಿ. ಕೆತ್ತಿ ಬಿದ್ದ ಚೂರುಗಳನ್ನು ಪೂರ್ತಿ ಒಣಗಿಸಿಯೇ ನೀರಿಗೆ ಹಾಕಬೇಕು. ಒಣಗಿದ್ದು ತಾನೇ ಕರಗಿ ಕೆಸರಾಗುತ್ತದೆ. ಅರೆಹಸಿ ಮುದ್ದೆ ವಾರ ಕಳೆದರೂ ಗಂಟಾಗಿಯೇ ಕೂತಿರುತ್ತದೆ. ಕೆಸರನ್ನು ಜರಡಿಯಲ್ಲಿ ಸೋಸಿ, ನೀರು ಹೀರುವ ಪ್ಲಾಸ್ಟರ್ ಹಲಗೆ ಮೇಲೆ ಹರಡಿ, ಕೈಗೆ ಅಂಟದಷ್ಟು ಗಟ್ಟಿಯಾದ ಮೇಲೆ ನಾದುವುದು. ಎರಡು ಕಿಲೋದ ಮುದ್ದೆಯನ್ನು ಅರವತ್ತು ಎಪ್ಪತ್ತು ಸಲ ತಿರುಗಿಸಿ ನಾದಿ, ತಂತಿಯಿಂದ ಸೀಳಿ ತೋರಿಸಬೇಕು. ಗುಳ್ಳೆ ಕಂಡರೆ ಮತ್ತೆ ಮೊದಲಿನಿಂದ. ಗುಳ್ಳೆಯ ಗಾಳಿಯಿಂದ ಪಾತ್ರೆ ಸಿಡಿಯುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ಸಿಡಿಸುವುದು ಗಾಳಿಯಲ್ಲ, ಮಣ್ಣಿನೊಳಗೆ ಉಳಿದ ನೀರು. 100 ಡಿಗ್ರಿ ದಾಟುವಾಗ ಅದು ಉಗಿಯಾಗಿ ಗೋಡೆಯನ್ನು ಒಡೆದು ಹೊರಬರುತ್ತದೆ. ಗುಳ್ಳೆಯ ಕಿರಿಕಿರಿ ತಿಗರಿಯ ಮೇಲೆ: ಗೋಡೆ ಎತ್ತುವಾಗ ಬೆರಳು ಅಲ್ಲಿ ಎಡವಿ ಬಾಯಿ ಓರೆಯಾಗುತ್ತದೆ. ಇದನ್ನು ಬಿಡಿಸಿ ಹೇಳಿಕೊಡುವುದು ಇಲ್ಲಿಯ ಒಂದು ಒಳ್ಳೆಯ ಗುಣ.

ಇನ್ನೊಂದು, ಎರಡು ಮಣ್ಣನ್ನು ಬೆರೆಯಲು ಬಿಡದ ಶಿಸ್ತು. ಊರಿನ ಕೆಂಪು ಜೇಡಿಮಣ್ಣು 900ರಿಂದ 1000 ಡಿಗ್ರಿಯೊಳಗೆ ಸುಡುವಂಥದ್ದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚು ಸುಡಲು ಶುರು ಮಾಡಿದ್ದೂ ಈ ಕಡೆಯ ಹೊಳೆಬದಿಯ ಜೇಡಿಯಿಂದಲೇ. ಹೊರಗಿನಿಂದ ತರಿಸುವ ಸ್ಟೋನ್‌ವೇರ್ ಮಣ್ಣಿಗೆ, ಅಂದರೆ ಹೆಚ್ಚು ಶಾಖಕ್ಕೆ ಸುಟ್ಟು ಕಲ್ಲಿನಂತೆ ಗಟ್ಟಿಯಾಗುವ ಮಣ್ಣಿಗೆ, 1200 ದಾಟಬೇಕು. ಕೆಂಪು ಬಟ್ಟಲೊಂದು ಅಪ್ಪಿತಪ್ಪಿ ಆ ಶಾಖಕ್ಕೆ ಸೇರಿದರೆ ಉಬ್ಬಿ, ಕುಸಿದು, ಕೆಳಗಿನ ಹಲಗೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಬಕೆಟು, ಸ್ಪಂಜು, ತಂತಿ ಎಲ್ಲವೂ ಎರಡೆರಡು.

ತಿಗರಿ ಸಿಕ್ಕ ಮೇಲೆ ಅರ್ಧ ಕಿಲೋದ ಉಂಡೆ, ನೇರ ಗೋಡೆಯ ಲೋಟ, ಅಷ್ಟೇ. ತಳ 6ರಿಂದ 8 ಮಿಲಿಮೀಟರ್ ಇರಬೇಕು. ಮಧ್ಯದಿಂದ ಅಂಚಿಗೆ, ಅಂಚಿನಿಂದ ಮಧ್ಯಕ್ಕೆ ನಾಲ್ಕೈದು ಸಲ ಒತ್ತಿ ಬಿಗಿ ಮಾಡದಿದ್ದರೆ ಒಣಗುವಾಗಲೋ ಸುಡುವಾಗಲೋ ತಳದಲ್ಲಿ ಹಾವಿನ ಹಾಗೆ ಬಿರುಕು ಬೀಳುತ್ತದೆ. ಮೊದಲ ನೂರು ಲೋಟಗಳಲ್ಲಿ ಒಂದನ್ನೂ ಉಳಿಸುವುದಿಲ್ಲ. ತಂತಿ ಹಾಕಿ ಉದ್ದಕ್ಕೆ ಸೀಳಿ ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತೋರಿಸುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ದೊಣ್ಣೆ ಕುಂಬಾರನ ಕೈಯಲ್ಲೇ ಇದೆ.

ಮಳೆಗಾಲಕ್ಕೆ ಸೇರಿ ಎಂದದ್ದು ಒಣಗಿಸುವ ವಿಚಾರಕ್ಕೆ. ಮಾರ್ಚ್‌ನಲ್ಲಿ ಬೆಳಗ್ಗೆ ಮಾಡಿದ ಚಹಾ ಕಪ್ಪಿನ ಬಾಯಿ ಮಧ್ಯಾಹ್ನಕ್ಕೇ ಒಣಗಿ ಬೆಳ್ಳಗಾಗಿರುತ್ತದೆ, ತಳ ಇನ್ನೂ ಹಸಿ. ಆ ಹೊತ್ತಿನಲ್ಲಿ ಹಿಡಿ ಅಂಟಿಸಿದರೆ ಎರಡೂ ಬೇರೆ ಬೇರೆ ಅಳತೆಗೆ ಕುಗ್ಗಿ ಕೂಡಿದ ಜಾಗದಲ್ಲೇ ಬಿಡುತ್ತದೆ. ಜುಲೈಯಲ್ಲಿ ಪಾತ್ರೆ ಚಾಕುವಿಗೆ ಗಿಣ್ಣಿನ ಹಾಗೆ ಸಿಗುವ ಹದದಲ್ಲಿ ಎರಡು ಮೂರು ದಿನ ನಿಲ್ಲುತ್ತದೆ. ತಳ ಕೆತ್ತುವುದನ್ನು, ಹಿಡಿ ಕೂಡಿಸುವುದನ್ನು ಅವಸರವಿಲ್ಲದೆ ಕಲಿಯಲು ಅಷ್ಟು ಸಮಯ ಬೇಸಿಗೆಯಲ್ಲಿ ಸಿಗದು.

ಮಳೆಯ ತೊಂದರೆಗಳೂ ಇವೆ. ಪ್ಲಾಸ್ಟರ್ ಹಲಗೆ ತಾನೇ ನೀರು ಕುಡಿದು ಕೂತಿರುತ್ತದೆ, ಮರದ ಹಲಗೆಗೆ ಬೂಷ್ಟು. ಪಾತ್ರೆಯನ್ನು ಕೆನ್ನೆಗೆ ಮುಟ್ಟಿಸಿ ತಣ್ಣಗಿದ್ದರೆ ಇನ್ನೂ ಹಸಿ ಎನ್ನುವ ಪರೀಕ್ಷೆ ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಕೈಕೊಡುತ್ತದೆ. ಗಾಳಿಯೇ ಒದ್ದೆಯಾದ ಕಾರಣ ನೀರು ಆರುವುದೇ ಇಲ್ಲ, ತಣ್ಣಗೂ ಅನಿಸುವುದಿಲ್ಲ. ಅದಕ್ಕೆ ಇಲ್ಲಿ ಮೊದಲ ಸುಡುವಿಕೆಗೆ ಕರೆಂಟಿನ ಕಿಲ್ನ್ (ಪಾತ್ರೆ ಸುಡುವ ಗೂಡು) ತುಂಬಿಸಿದ ಮೇಲೆ ಮುಚ್ಚಳ ಎರಡು ಬೆರಳು ತೆರೆದಿಟ್ಟು ಇಡೀ ರಾತ್ರಿ 80, 90 ಡಿಗ್ರಿಯಲ್ಲೇ ನಿಲ್ಲಿಸುತ್ತಾರೆ. ಮತ್ತೆ ಗಂಟೆಗೆ 100 ಡಿಗ್ರಿಯಂತೆ 600ರವರೆಗೆ, ಆಮೇಲೆ ಸ್ವಲ್ಪ ವೇಗವಾಗಿ 980ಕ್ಕೆ. 573 ಡಿಗ್ರಿಯ ಸುತ್ತ ಮಣ್ಣಿನಲ್ಲಿರುವ ಸ್ಫಟಿಕದ ಕಣಗಳು ಹಠಾತ್ತಾಗಿ ಹಿಗ್ಗುತ್ತವೆ, ತಣಿಯುವಾಗ ಅಲ್ಲೇ ಕುಗ್ಗುತ್ತವೆ. ಅಲ್ಲಿ ಅವಸರ ಮಾಡಿದರೆ, ಅಥವಾ ಬಿಸಿ ಇರುವಾಗಲೇ ಮುಚ್ಚಳ ಎತ್ತಿದರೆ, ಟಿಣ್ ಎಂದು ಬಿರುಕು.

ಇನ್ನು ದೂರುಗಳು. ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಬಕೆಟಿನಲ್ಲಿ ತಯಾರಾಗಿ ಸಿಗುತ್ತದೆ. ಮೂರು ಸೆಕೆಂಡು ಮುಳುಗಿಸುವುದು, ತಳದಿಂದ 3 ಮಿಲಿಮೀಟರ್ ಒರೆಸಿ ತೆಗೆಯುವುದು ಕಲಿಸುತ್ತಾರೆ. ಒಳಗೆ ಏನು ಎಷ್ಟು ಹಾಕಿದೆ ಎಂದು ಬಾಯಿ ಬಿಡುವುದಿಲ್ಲ. ಸ್ವಂತ ಸ್ಟುಡಿಯೋ ಮಾಡುವ ಯೋಚನೆ ಇದ್ದವರಿಗೆ ಇದು ದೊಡ್ಡ ನಷ್ಟ. ಎರಡನೆಯದು ಇನ್ನೂ ಗಂಭೀರ: ಸಂಜೆ ಒಣ ನೆಲವನ್ನು ಹಿಡಿಸೂಡಿಯಲ್ಲಿ ಗುಡಿಸುತ್ತಾರೆ. ಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸೇರುವವರು ಎನ್95 ಮಾಸ್ಕ್ ತಾವೇ ಒಯ್ಯಲಿ, ಯಾರು ನಕ್ಕರೂ ಹಾಕಿಕೊಳ್ಳಲಿ.

ಮೀನು ಸಾರಿನ ಮಡಕೆ ಮಾಡಲು ಕಲಿಯಬೇಕು ಎಂದು ಬರುವವರಿಗೆ ಇದು ಜಾಗವಲ್ಲ. ತಳವನ್ನು ಒಳಗಿನಿಂದ ಕಲ್ಲು, ಹೊರಗಿನಿಂದ ಮರದ ಹಲಗೆ ಹಿಡಿದು ತಟ್ಟಿ ತೆಳ್ಳಗೆ, ದುಂಡಗೆ ಮಾಡುವ ಕೈ ಈ ಕಡೆಯ ಕುಂಬಾರರಾದ ಕುಲಾಲರ ಮನೆಗಳಲ್ಲಿದೆ. ಕಡಿಮೆ ಶಾಖಕ್ಕೆ ಸುಟ್ಟ ಆ ಮಡಕೆ ಒಲೆಯ ಉರಿ ತಾಳುತ್ತದೆ. ಸ್ಟುಡಿಯೋದ ಚಪ್ಪಟೆ ತಳದ ಸ್ಟೋನ್‌ವೇರ್ ಬಟ್ಟಲನ್ನು ಗ್ಯಾಸಿನ ಮೇಲಿಟ್ಟರೆ ಒಂದೇ ದಿನಕ್ಕೆ ಸೀಳು.

ಕೇಳುವುದಾದರೆ ಮೇ ತಿಂಗಳ ಕೊನೆಗೆ ಹೋಗಿ ಕೇಳಿ, ಉಗುರು ಕತ್ತರಿಸಿಕೊಂಡು, ಒಂದು ಹಳೆ ಬೈರಾಸು (ಟವೆಲ್) ಹಿಡಿದುಕೊಂಡು. ದೀಪಾವಳಿ ಆರ್ಡರು ಶುರುವಾದ ಮೇಲೆ ಅಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ.