ಅಂಗೈಯಲ್ಲಿ ಚೆಸ್: ಫೋನ್, ಇ-ಇಂಕ್, ಒತ್ತುವ ಬೋರ್ಡ್

ಕೈಯಲ್ಲಿ ಹಿಡಿದು ಚೆಸ್ ಆಡುವ ಸಾಧನ ಕೊಳ್ಳುವವರು ಮೊದಲು ಕೇಳುವುದು ಎಂಜಿನ್ (ನಡೆ ಯೋಚಿಸುವ ತಂತ್ರಾಂಶ) ಎಷ್ಟು ಬಲವಾಗಿದೆ ಎಂದು. ಅದು ಬೇಡದ ಚಿಂತೆ. ಸಾಧಾರಣ ಫೋನಿನ ಸ್ಟಾಕ್‌ಫಿಶ್ ಎಂಜಿನ್ ಎದುರು ವಿಶ್ವ ಚಾಂಪಿಯನ್ನರೂ ನಿಲ್ಲುವುದಿಲ್ಲ. ನೋಡಬೇಕಾದದ್ದು ಬೋರ್ಡಿನ ಮನೆಯ ಅಳತೆ ಮತ್ತು ನಡೆ ಕೊಡುವ ಬಗೆ.

ಫೋನಿನ ಪರದೆ ಸುಮಾರು 65 ಮಿ.ಮೀ. ಅಗಲ. ಅಂದರೆ ಒಂದು ಮನೆಗೆ 8 ಮಿ.ಮೀ.; ಬೆರಳ ತುದಿ ಅದಕ್ಕಿಂತ ದಪ್ಪ. ಕಾಯಿಯನ್ನು ಎಳೆದು ಬಿಡುವಾಗ ಇಳಿಯಬೇಕಾದ ಮನೆಯೇ ಬೆರಳಡಿ ಮರೆಯಾಗಿ, ಇ4ಕ್ಕೆ ಹೊರಟ ಕಾಲಾಳು ಇ3ರಲ್ಲಿ ಕೂರುತ್ತದೆ. ಎಳೆಯುವುದನ್ನು ಬಿಟ್ಟು, ಹೊರಡುವ ಮನೆ, ಸೇರುವ ಮನೆ ಎರಡನ್ನು ಮುಟ್ಟುವ ವಿಧಾನ ಆರಿಸಿ. ನಿಧಾನದ ಆಟಕ್ಕೆ ನಡೆ ಖಚಿತಪಡಿಸುವ ಆಯ್ಕೆ ಆನ್ ಮಾಡಿ. ಕೊನೆಯ ಸಾಲು ಮುಟ್ಟಿದ ಕಾಲಾಳು ತಾನಾಗಿ ರಾಣಿ ಆಗುವ ಸೆಟ್ಟಿಂಗ್ ಆಫ್ ಮಾಡಿ, ಇಲ್ಲವಾದರೆ ಕುದುರೆ ಬೇಕಾದಾಗಲೂ ರಾಣಿಯೇ ಬಂದು ಸ್ಟೇಲ್‌ಮೇಟ್ (ಎದುರಾಳಿಗೆ ನಡೆಯೇ ಇಲ್ಲದೆ ಡ್ರಾ) ಆದೀತು. ಆನ್‌ಲೈನ್ ಚೆಸ್ ತಾಣ ಲಿಚೆಸ್ ಉಚಿತ, ಜಾಹೀರಾತಿಲ್ಲ. ನೆಟ್ ಇಲ್ಲದಾಗ ಆಂಡ್ರಾಯ್ಡ್‌ನ ಡ್ರಾಯ್ಡ್‌ಫಿಶ್ ಆ್ಯಪ್ ಸಾಕು. ನಿಮ್ಮ ಸರದಿಯ ಸಮಯದಲ್ಲೂ ಎಂಜಿನ್ ಯೋಚಿಸುವುದನ್ನು ನಿಲ್ಲಿಸದಿದ್ದರೆ ಫೋನ್ ಬಿಸಿಯಾಗಿ ಚಾರ್ಜ್ ಬೇಗ ಇಳಿಯುತ್ತದೆ.

ಬಲ ತಗ್ಗಿಸಿದ ಸ್ಟಾಕ್‌ಫಿಶ್ ಮನುಷ್ಯರಂತೆ ಆಡುವುದಿಲ್ಲ. ಹತ್ತು ನಡೆ ಮಾಸ್ಟರ್‌ನಂತೆ ಆಡಿ, ಇದ್ದಕ್ಕಿದ್ದಂತೆ ಆನೆಯನ್ನು ಬಿಟ್ಟಿಯಾಗಿ ಕೊಡುತ್ತದೆ. ಅಂಥ ಗೆಲುವಿನಿಂದ ಕಲಿಯುವುದೇನೂ ಇಲ್ಲ. ನೆಟ್ ಇದ್ದರೆ ಲಿಚೆಸ್‌ನ ಮಾಯಾ ಬಾಟ್‌ಗಳು ವಾಸಿ. 1100, 1500, 1900 ರೇಟಿಂಗ್‌ನವರ ಆಟಗಳಿಂದಲೇ ಕಲಿತವು ಅವು.

ಏಳು ಇಂಚಿನ ಆಂಡ್ರಾಯ್ಡ್ ಇ-ಇಂಕ್ ಸಾಧನದಲ್ಲಿ ಮನೆ 13 ಮಿ.ಮೀ.ವರೆಗೆ ಸಿಗುತ್ತದೆ, ಬಿಸಿಲಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಸರಿದ ಕಾಯಿಯ ಮಸುಕು ನೆರಳು ಹಳೆಯ ಮನೆಯಲ್ಲಿ ಉಳಿದು ಕಣ್ಣಿಗೆ ಮೋಸ ಮಾಡುತ್ತದೆ. ಅನಿಮೇಶನ್ ತೆಗೆದು, ಬೂದು-ಬಿಳಿ ಬೋರ್ಡ್ ಇಟ್ಟುಕೊಳ್ಳಿ. 15+10 (15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚುವರಿ) ಆಟಕ್ಕೆ, ಪಜಲ್‌ಗೆ ಹಿತ. ಮೂರು ನಿಮಿಷದ ಬ್ಲಿಟ್ಜ್‌ಗೆ ಹೇಳಿ ಮಾಡಿಸಿದ್ದಲ್ಲ.

ಕಲಿಯುವವರಿಗೆ ನಮ್ಮ ಆಯ್ಕೆ ಮಾತ್ರ ಸೈಟೆಕ್, ನೋವ್ಯಾಗ್ ಕಂಪನಿಗಳ ಮಾದರಿಯ ಹಳೆಯ ಒತ್ತುವ ಬೋರ್ಡ್, ನಿಜವಾದ ಪುಟ್ಟ ಕಾಯಿಗಳಿರುವುದು. ಕಾಯಿಯನ್ನು ಹೊರಡುವ ಮನೆಯ ಮೇಲೆ ಒಮ್ಮೆ, ಸೇರುವ ಮನೆಯ ಮೇಲೆ ಒಮ್ಮೆ ಒತ್ತಬೇಕು. ಯಂತ್ರದ ಉತ್ತರ ಅಂಚಿನ ದೀಪಗಳಲ್ಲಿ ಬರುತ್ತದೆ; ಅದರ ಕಾಯಿಯನ್ನೂ ನೀವೇ ಒತ್ತಿ ಸರಿಸಬೇಕು. ಕ್ಯಾಸ್ಲಿಂಗ್‌ಗೆ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು) ರಾಜನನ್ನು ಇ1, ಜಿ1ರಲ್ಲಿ ಒತ್ತಿದ ಮೇಲೆ ಆನೆಯನ್ನು ಎಚ್1, ಎಫ್1ರಲ್ಲಿ. ಎಲ್ಲರೂ ಎಡವುವುದು ಆನ್‌ಪಾಸಾದಲ್ಲಿ (ಎರಡು ಮನೆ ಮುಂದೆ ಬಂದ ಕಾಲಾಳನ್ನು ಪಕ್ಕದ ಕಾಲಾಳು ಹೊಡೆಯುವ ನಡೆ): ಹೊಡೆದ ಕಾಲಾಳನ್ನು ತೆಗೆಯುವ ಮುನ್ನ ಅದರ ಮನೆಯನ್ನೂ ಒತ್ತಬೇಕು. ಬೋರ್ಡಿನ ಕಾಯಿ ಒಂದು, ಯಂತ್ರದ ನೆನಪಿನಲ್ಲಿ ಇನ್ನೊಂದು ಆದರೆ ನಡೆ ಹಿಂತೆಗೆಯುವ ಗುಂಡಿ ಒತ್ತಿ ಸರಿಪಡಿಸಿ. ಈ ನಿಧಾನವೇ ಇದರ ಲಾಭ. ಎಂಜಿನ್‌ನ ಸಲಹೆ ಇಣುಕುವ ಚಪಲವೂ ಕಡಿಮೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪೊಸಿಷನ್ ಜೋಡಿಸುವ ಮೋಡ್‌ಗೆ ಹೋಗಿ 64 ಮನೆಗಳನ್ನೂ ಒತ್ತಿ ನೋಡಿ. ಒಂದು ಸತ್ತಿದ್ದರೂ ಬೇಡ. ಬ್ಯಾಟರಿ ಸೋರಿ ಪಟ್ಟಿ ಹಸಿರು ಹಿಡಿದಿದ್ದರೆ ವಿನೆಗರ್ ಅದ್ದಿದ ಹತ್ತಿಯಿಂದ ಉಜ್ಜಿ, ಒಣಗಿಸಿದರೆ ಸರಿಹೋಗುವುದುಂಟು.

ಕಪ್ಪು-ಬಿಳುಪು ಎಲ್‌ಸಿಡಿ ಟಚ್ ಯಂತ್ರಗಳು ಜೇಬಿಗೆ ಹಿಡಿಸುತ್ತವೆ, ಅಷ್ಟೇ. ಸ್ವಲ್ಪ ಓರೆಯಾಗಿ ಹಿಡಿದರೆ ಕಾಯಿ ಮಸುಕು, ಪರದೆ ಮುಟ್ಟುವ ಕಡ್ಡಿ ಕಳೆದರೆ ಆಟ ಮುಗಿಯಿತು.

ಟೂರ್ನಿಗೆ ಹೋಗುವಾಗ ಇವೆಲ್ಲ ಮನೆಯಲ್ಲೇ ಇರಲಿ. ಆರ್ಬಿಟರ್ (ಟೂರ್ನಿಯ ತೀರ್ಪುಗಾರ) ಒಪ್ಪದ ಎಲೆಕ್ಟ್ರಾನಿಕ್ ಸಾಧನವನ್ನು ಆಟದ ಹೊತ್ತಿನಲ್ಲಿ ಆಟದ ಜಾಗದಲ್ಲಿ ಇಟ್ಟುಕೊಳ್ಳುವುದನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮ 11.3.2 ನಿಷೇಧಿಸುತ್ತದೆ, ಪೂರ್ತಿ ಆಫ್ ಮಾಡಿ ಚೀಲದಲ್ಲಿಡಲು ಅವಕಾಶವಿದೆಯೇ ಎಂಬುದನ್ನು ಆಯಾ ಟೂರ್ನಿಯ ನಿಯಮ ಹೇಳುತ್ತದೆ.