ಲಾಟ್ವಿಯಾದ ಹಳೆಯ ನೋಟು: ಮೊದಲು ರೂಬ್ಲಿಸ್ ಕೊಳ್ಳಬೇಕೇ, ಲಾಟ್ಸ್ ಕೊಳ್ಳಬೇಕೇ?

ಎರಡು ಮಹಾಯುದ್ಧಗಳ ನಡುವಿನ ಲಾಟ್ವಿಯಾ ನೋಟುಗಳನ್ನು ಸಂಗ್ರಹಿಸಲು ಹೊರಟವರು ಕೇಳಿದರೆ, ಲಾಟ್ಸ್ ಎಂಬ ಹಣಕ್ಕಿಂತ ಮೊದಲು ಅಲ್ಲಿ ಚಲಾವಣೆಯಲ್ಲಿದ್ದ ರೂಬ್ಲಿಸ್‌ನಿಂದ ಆರಂಭಿಸಿ ಎಂದೇ ಹೇಳುತ್ತೇನೆ.

1919ರಿಂದ ಸರ್ಕಾರಿ ಖಜಾನೆ ಹೊರಡಿಸಿದ ಈ ನೋಟುಗಳು 1ರಿಂದ 500ರವರೆಗೆ ಏಳು ಮುಖಬೆಲೆಗಳಲ್ಲಿವೆ. ಕೊಪೆಕ್ ಚಿಲ್ಲರೆ ನೋಟುಗಳು ಬೇರೆ. ರಷ್ಯಾದ ಪೀಟರ್ಸ್‌ಬರ್ಗ್‌ನ ಸರ್ಕಾರಿ ಮುದ್ರಣಾಲಯದಲ್ಲಿ ಪಳಗಿದ ಕಲಾವಿದ ರಿಹಾರ್ಡ್ಸ್ ಜಾರಿನ್ಶ್ ಅವರ ಕೈಚಳಕ ಇವುಗಳ ಪೈಕಿ ಕೆಲವುಗಳಲ್ಲಿ ಎದ್ದು ಕಾಣುತ್ತದೆ. ಮುಖಬೆಲೆ ಒಂದೇ ಆದರೂ ಸರಣಿಯ ಅಕ್ಷರ ಬದಲಾಗುತ್ತದೆ, ಕೆಳಗಿನ ಸಹಿ ಬದಲಾಗುತ್ತದೆ. ‘10 ರೂಬ್ಲಿಸ್, 1919’ ಎಂದಷ್ಟೇ ಸಂಗ್ರಹದ ಪಟ್ಟಿಯಲ್ಲಿ ಬರೆದಿಟ್ಟರೆ ವಿವರಣೆ ಅರ್ಧವೂ ಆಗಲಿಲ್ಲ. ನೋಡುವ ಕಣ್ಣನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ.

1922ರ ಆಗಸ್ಟ್‌ನಲ್ಲಿ ಲಾಟ್ಸ್ ಬಂತು; 50 ರೂಬ್ಲಿಸ್‌ಗೆ ಒಂದು ಲಾಟ್ಸ್. ಇಲ್ಲಿ ಎಡವುವ ಜಾಗ ಒಂದಿದೆ: ಕೆಲವು ನೋಟುಗಳು ಲಾಟ್ವಿಯಾ ಬ್ಯಾಂಕಿನವು, ಕೆಲವು ಖಜಾನೆಯವು. ಯಾರು ಹೊರಡಿಸಿದರು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ದೊಡ್ಡ ಮುಖಬೆಲೆಯ ಲಾಟ್ಸ್ ಕೊಳ್ಳಲು ಆತುರ ಬೇಡ.

ಎರಡಕ್ಕೂ ಸೇತುವೆಯಂತಿರುವ ನೋಟು ಒಂದಿದೆ. 500 ರೂಬ್ಲಿಸ್ ನೋಟಿನ ಮೇಲೆಯೇ 10 ಲಾಟ್ಸ್ ಎಂದು ಮರುಮುದ್ರಿಸಿದ 1922ರ ನೋಟು ಅದು. ಒಂದನ್ನೇ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಯಾವುದನ್ನೇ ಆರಿಸಿದರೂ, ನೋಟನ್ನು ದೀಪದ ಓರೆ ಬೆಳಕಿಗೆ ಹಿಡಿಯಿರಿ. ಒತ್ತಿ ಚಪ್ಪಟೆ ಮಾಡಿದ ಹಳೆಯ ಮಡಿಕೆ ಸಣ್ಣ ಏಣಿನಂತೆ ನೆರಳು ಬೀಳಿಸುತ್ತದೆ. ಅದನ್ನೂ ವಿವರಣೆಯಲ್ಲಿ ಮುಚ್ಚಿಡದೆ ಬರೆಯಿರಿ.