ಸಿದ್ಧ ಪೇಸ್ಟಿನಿಂದ ಥಾಯ್ ರೆಡ್ ಕರಿ: ಡಬ್ಬಿ ಕೊಡುವುದೆಷ್ಟು, ಒಲೆಯ ಮೇಲೆ ಆಗಬೇಕಾದದ್ದೆಷ್ಟು

ನಾವು ರೆಡ್ ಕರಿ ಎನ್ನುವ ಅಡುಗೆಗೆ ಥಾಯ್ಲೆಂಡಿನಲ್ಲಿ ‘ಕೇಂಗ್ ಫೆಟ್’ ಎಂಬ ಹೆಸರಿದೆ. ‘ಫೆಟ್’ ಎಂದರೆ ಖಾರ. ಹೆಸರಿನಲ್ಲಿ ಬಣ್ಣದ ಮಾತೇ ಇಲ್ಲ. ಇದನ್ನು ಮೊದಲಿನಿಂದ ಕೈಯಾರೆ ಮಾಡುವುದಾದರೆ ಒಣಗಿದ ಕೆಂಪು ಮೆಣಸಿನಕಾಯಿಯನ್ನು ನೆನೆಹಾಕಿ, ಅದರ ಜೊತೆಗೆ ಶುಂಠಿಯ ಜಾತಿಯ ಗೆಡ್ಡೆಯಾದ ಗ್ಯಾಲಂಗಲ್, ನಿಂಬೆಹುಲ್ಲು, ಮಕ್ರುತ್ ನಿಂಬೆಯ ಸಿಪ್ಪೆ, ಕೊತ್ತಂಬರಿ ಬೇರು, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಹುರಿದ ಧನಿಯಾ, ಜೀರಿಗೆ, ಬಿಳಿ ಮೆಣಸು ಮತ್ತು ‘ಕಪಿ’ ಎಂಬ ಸೀಗಡಿ ಪೇಸ್ಟನ್ನು ಒಂದೊಂದಾಗಿ ಕಲ್ಲಿನ ಕುಟ್ಟಾಣಿಗೆ ಹಾಕಿ ನುಣ್ಣಗಾಗುವವರೆಗೆ ಕುಟ್ಟಬೇಕಾಗುತ್ತದೆ. ನಾನು ಎರಡು ಬಾರಿ ಹೀಗೆ ಮಾಡಿದ್ದೇನೆ. ಅದರ ಪರಿಮಳಕ್ಕೆ ಸಾಟಿಯಿಲ್ಲ, ನಿಜ. ಆದರೆ ವಾರದ ದಿನದ ರಾತ್ರಿ ಊಟಕ್ಕೆ ಅಷ್ಟು ಹೊತ್ತು ಕೊಡಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಸಿದ್ಧ ಪೇಸ್ಟನ್ನು ಸೋಮಾರಿತನದ ಗುರುತೆಂದು ನಾನು ಎಣಿಸುವುದಿಲ್ಲ. ಅದು ಒಳ್ಳೆಯ ಸಾಮಗ್ರಿ, ಆದರೆ ಅರ್ಧ ಕೆಲಸವನ್ನಷ್ಟೇ ಮುಗಿಸಿಕೊಡುವ ಸಾಮಗ್ರಿ.

ಕೆಲವು ತಿಂಗಳುಗಳಿಂದ ಮೂರು ಬಗೆಯ ಪೇಸ್ಟನ್ನು ಸರದಿಯಂತೆ ಬಳಸಿ ನೋಡಿದೆ. ಥಾಯ್ಲೆಂಡಿನಲ್ಲೇ ತಯಾರಾಗುವ ಮೇ ಪ್ಲಾಯ್ ಕಂಪನಿಯ 400 ಗ್ರಾಂ ಪ್ಲಾಸ್ಟಿಕ್ ಡಬ್ಬಿ ಮೊದಲನೆಯದು. ಅಲ್ಲಿಯದೇ ಆದ ಮೇ ಸ್ರೀ ಕಂಪನಿಯ 114 ಗ್ರಾಂ ತಗಡಿನ ಡಬ್ಬಿ ಎರಡನೆಯದು. ಮೇ ಪ್ಲಾಯ್ ಗಟ್ಟಿಯಾಗಿದೆ, ಖಾರ ಚುರುಕಾಗಿದೆ, ಸೀಗಡಿ ಪೇಸ್ಟಿನ ಆಳವಾದ ರುಚಿ ಕೊನೆಯ ತುತ್ತಿನವರೆಗೂ ನಾಲಿಗೆಯಲ್ಲಿ ಉಳಿಯುತ್ತದೆ. ಮೇ ಸ್ರೀ ನನಗೆ ಸ್ವಲ್ಪ ಸೌಮ್ಯವಾಗಿ ಕಂಡಿತು. ಒಂದೇ ಬಾರಿಯ ಅಡುಗೆಗೆ ಅದರ ಅಳತೆ ಅನುಕೂಲಕರ. ಮೂರನೆಯದು ಗಾಜಿನ ಬಾಟಲಿ. ಅದರ ಹೆಸರನ್ನು ಹೇಳುವುದಿಲ್ಲ. ಸಾಮಗ್ರಿಗಳ ಪಟ್ಟಿಯಲ್ಲಿ ನೀರು ಮತ್ತು ಸಕ್ಕರೆ ಮೊದಲಿದ್ದವು, ಮೆಣಸಿನಕಾಯಿ ಆಮೇಲೆ ಬಂದಿತ್ತು. ಸಾಮಾನ್ಯವಾಗಿ ಈ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರಾದ್ದರಿಂದ, ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆಹುಲ್ಲು ಮೇಲೆಯೇ ಇರುವ ಪೇಸ್ಟನ್ನು ಆರಿಸಿಕೊಳ್ಳುವುದು ಒಳಿತು. ಆ ಬಾಟಲಿಯಿಂದ ಮಾಡಿದ ಕರಿ ಸಿಹಿಯಾದ ಕೆಂಪು ಗೊಜ್ಜಿನಂತಾಯಿತು. ಎಷ್ಟು ಹಾಕಿದರೂ ಪರಿಮಳ ಏಳಲಿಲ್ಲ.

ಒಳ್ಳೆಯ ಪೇಸ್ಟು ಕೈಯಲ್ಲಿದ್ದರೂ ಅಡುಗೆ ಕೆಡುವುದು ಎಲ್ಲಿ ಎಂದರೆ, ಅದನ್ನು ಕುದಿಯುವ ತೆಂಗಿನ ಹಾಲಿಗೆ ನೇರವಾಗಿ ಕದಡಿಬಿಡುವಲ್ಲಿ. ಮೆಣಸಿನಕಾಯಿಯ ಖಾರ, ಬಣ್ಣ ಮತ್ತು ಬಹುಪಾಲು ಸುವಾಸನೆ ಕರಗುವುದು ಎಣ್ಣೆಯಲ್ಲಿ. ನೀರಿನಲ್ಲಿ ಕುದಿದ ಪೇಸ್ಟು ಹಸಿವಾಸನೆಯನ್ನು ಬಿಡುವುದೇ ಇಲ್ಲ. ಥಾಯ್ ಅಡುಗೆಯವರು ಇದಕ್ಕೆ ಮಾಡುವ ಉಪಾಯವೇ ಈ ಕರಿಯ ಜೀವಾಳ. ತೆಂಗಿನ ಹಾಲಿನ ಡಬ್ಬಿಯನ್ನು ಅಲುಗಾಡಿಸದೆ ತೆರೆದು, ಮೇಲೆ ಗಟ್ಟಿಯಾಗಿ ನಿಂತ ಕೆನೆಯನ್ನಷ್ಟೇ ನಾಲ್ಕೈದು ದೊಡ್ಡ ಚಮಚ ತೆಗೆದು, ಅಗಲವಾದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಕಾಯಿಸಬೇಕು. ಮೊದಲು ಅದು ಹಾಲಿನಂತೆಯೇ ಬುಳುಬುಳು ಕುದಿಯುತ್ತದೆ. ನೀರಿನಂಶ ಆರುತ್ತಿದ್ದಂತೆ ಗುಳ್ಳೆಗಳು ದಪ್ಪವಾಗಿ, ಸದ್ದು ನಿಧಾನವಾಗಿ ಬದಲಾಗಿ, ಕುದಿಯುವ ಸದ್ದು ಹೋಗಿ ಹುರಿಯುವ ಚಿಟಪಟ ಸದ್ದು ಶುರುವಾಗುತ್ತದೆ. ಅಂಚಿನಲ್ಲಿ ತಿಳಿಯಾದ ಎಣ್ಣೆ ಜಿನುಗಿ ನಿಲ್ಲುತ್ತದೆ. ಕೆನೆ ಒಡೆದು ಎಣ್ಣೆ ಬಿಡುವ ಈ ಹಂತಕ್ಕೆ ಥಾಯ್ ಭಾಷೆಯಲ್ಲಿ ‘ತೇಕ್ ಮನ್’ ಎನ್ನುತ್ತಾರೆ. ಪೇಸ್ಟು ಹಾಕಬೇಕಾದದ್ದು ಈಗ. ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬಿಡದೆ ತಿರುವುತ್ತಿದ್ದರೆ ಇಟ್ಟಿಗೆ ಬಣ್ಣದ ಮುದ್ದೆ ಸಡಿಲಾಗಿ, ಸುತ್ತ ಕೆಂಪೆಣ್ಣೆಯ ಸಣ್ಣ ಸಣ್ಣ ಹನಿಗಳು ಮೂಡುತ್ತವೆ, ಮೂಗಿಗೆ ಘಾಟು ಬಡಿದು ಸೀನು ಬರುತ್ತದೆ. ಸೀನು ಬಂತೆಂದರೆ ಪೇಸ್ಟು ಹದಕ್ಕೆ ಬಂದಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಎಲ್ಲ ತೆಂಗಿನ ಹಾಲೂ ಹೀಗೆ ಒಡೆಯುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಾಲು ಮತ್ತು ಕೆನೆ ಬೇರ್ಪಡದಿರಲೆಂದು ಅಂಟು, ಎಮಲ್ಸಿಫೈಯರ್ ಸೇರಿಸಿದ ಹಾಲನ್ನು ಎಷ್ಟು ಕಾಯಿಸಿದರೂ ಅದು ಗಟ್ಟಿಯಾಗಿ ತಳ ಹಿಡಿಯುತ್ತದೆಯೇ ಹೊರತು ಎಣ್ಣೆ ಬಿಡುವುದಿಲ್ಲ. ಇದನ್ನರಿಯದೆ ಒಮ್ಮೆ ಇಪ್ಪತ್ತು ನಿಮಿಷ ಒಲೆಯ ಮುಂದೆ ಕಾದು ನಿಂತಿದ್ದೆ. ಈಗ ಅಂಥ ಹಾಲೇ ಸಿಕ್ಕರೆ ಒಂದು ಚಮಚ ಅಡುಗೆ ಎಣ್ಣೆಯನ್ನು ಸೇರಿಸಿ ಪೇಸ್ಟನ್ನು ಹುರಿಯುತ್ತೇನೆ. ಫಲಿತಾಂಶದಲ್ಲಿ ಹೆಚ್ಚಿನ ಕೊರತೆ ಕಾಣುವುದಿಲ್ಲ.

ಅಳತೆಯ ವಿಷಯದಲ್ಲಿ, 400 ಮಿಲಿಲೀಟರ್ ತೆಂಗಿನ ಹಾಲು ಮತ್ತು 350 ಗ್ರಾಂನಷ್ಟು ಕೋಳಿ ತೊಡೆಯ ಮಾಂಸಕ್ಕೆ 50 ಗ್ರಾಂ ಪೇಸ್ಟು ನನ್ನ ಮನೆಯವರಿಗೆ ಸರಿಹೋಯಿತು. ಹುರಿದ ಪೇಸ್ಟಿನಲ್ಲಿ ಮಾಂಸವನ್ನು ಹೊರಳಿಸಿ, ಉಳಿದ ತೆಳು ಹಾಲನ್ನು ಸುರಿದು, ಬಿದಿರಿನ ಕಳಲೆಯನ್ನೋ ಥಾಯ್ ಬದನೆಯನ್ನೋ ಸೇರಿಸಿ ಹತ್ತು ಹದಿನೈದು ನಿಮಿಷ ಬೇಯಿಸಿದರೆ ಸಾಕು. ಎಚ್ಚರ ಬೇಕಾದದ್ದು ಉಪ್ಪಿನಲ್ಲಿ. ಕೆಡದಂತೆ ಉಳಿಯಬೇಕಾದ ಪೇಸ್ಟಿನಲ್ಲಿ ಉಪ್ಪು ಮೊದಲೇ ಧಾರಾಳವಾಗಿರುತ್ತದೆ, ಮೀನನ್ನು ಉಪ್ಪಿನಲ್ಲಿ ಹುದುಗಿಸಿ ತೆಗೆದ ರಸವಾದ ಫಿಶ್ ಸಾಸಿನಲ್ಲಂತೂ ಕೇಳುವುದೇ ಬೇಡ. ಮೊದಲ ಸಲ ರುಚಿ ನೋಡದೆಯೇ ಎರಡು ಚಮಚ ಫಿಶ್ ಸಾಸ್ ಸುರಿದು, ಇಡೀ ಪಾತ್ರೆಯ ಕರಿಯನ್ನು ಬಾಯಿಗಿಡಲಾಗದಂತೆ ಮಾಡಿದ್ದೆ. ಕೊನೆಯಲ್ಲಿ ಅರ್ಧರ್ಧ ಚಮಚವಾಗಿ ಹಾಕಿ, ತಾಳೆಬೆಲ್ಲದಿಂದ ಅದನ್ನು ಸರಿದೂಗಿಸುವುದೇ ಸರಿಯಾದ ದಾರಿ.

ಡಬ್ಬಿಯೊಳಗೆ ಉಳಿಯದ ಒಂದು ಸಂಗತಿಯಿದೆ: ಹಸಿರಿನ ಪರಿಮಳ. ಮಕ್ರುತ್ ನಿಂಬೆಯ ನಾಲ್ಕು ಎಲೆಗಳ ನಡುನರವನ್ನು ತೆಗೆದು, ಕೈಯಿಂದಲೇ ಹರಿದು ಕುದಿಗೆ ಹಾಕಿದ ಕ್ಷಣದಲ್ಲಿ ಕರಿಯ ಸ್ವಭಾವವೇ ಬದಲಾಗುತ್ತದೆ. ಒಲೆ ಆರಿಸಿದ ಮೇಲೆ ಒಂದು ಹಿಡಿ ‘ಹೋರಫಾ’ ಎಂಬ ಥಾಯ್ ಬೇಸಿಲ್ ಸೇರಿಸಬೇಕು. ಇದಕ್ಕೆ ಸೋಂಪಿನ ಕಂಪಿದೆ; ನಮ್ಮ ತುಳಸಿಗೆ ಹತ್ತಿರವಾದ ‘ಕಫ್ರಾವ್’ ಬೇರೆಯೇ ಎಲೆ, ಅದನ್ನು ಈ ಕರಿಗೆ ಬಳಸುವುದಿಲ್ಲ. ಮಕ್ರುತ್ ಎಲೆ, ಹೋರಫಾ ಎರಡೂ ಇಲ್ಲದೆ ಮಾಡಿದ ಕರಿ ತಿನ್ನಲು ಯೋಗ್ಯವಾಗಿರುತ್ತದೆ, ಅಷ್ಟೇ. ದುಡ್ಡು ಕೂಡಿಸಿ ದುಬಾರಿ ಪೇಸ್ಟು ಕೊಳ್ಳುವುದಕ್ಕಿಂತ ಸಾಧಾರಣ ಪೇಸ್ಟಿನ ಜೊತೆಗೆ ತಾಜಾ ಎಲೆ ಕೊಳ್ಳುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಸ್ಯಾಹಾರಿಗಳು ತರಕಾರಿ ಮತ್ತು ತೋಫು ಹಾಕಿ ಮಾಡುವ ಮುನ್ನ ಚೀಟಿಯನ್ನು ಪೂರ್ತಿ ಓದಬೇಕು. ಮೇ ಪ್ಲಾಯ್ ಸೇರಿದಂತೆ ಹಲವು ಪೇಸ್ಟುಗಳಲ್ಲಿ ಸೀಗಡಿ ಇರುತ್ತದೆ, ಚಿಪ್ಪುಜೀವಿಗಳು ಒಗ್ಗದವರಿಗೆ ಅದು ಅಪಾಯಕಾರಿಯೂ ಹೌದು. ಸೀಗಡಿ ಇಲ್ಲದ ಪೇಸ್ಟುಗಳೂ ದೊರೆಯುತ್ತವೆ. ಫಿಶ್ ಸಾಸಿನ ಬದಲು ತಿಳಿ ಸೋಯಾ ಸಾಸ್ ಬಳಸಬಹುದು.

ವಾರಕ್ಕೊಮ್ಮೆಯಾದರೂ ಈ ಕರಿ ಮಾಡುವ ಮನೆಗೆ ನಾನು ಮೇ ಪ್ಲಾಯ್ ಡಬ್ಬಿಯನ್ನೇ ಸೂಚಿಸುತ್ತೇನೆ, ಎಂದಾದರೊಮ್ಮೆ ಮಾಡುವವರಿಗೆ ಮೇ ಸ್ರೀ ಸಾಕು. ತಗಡಿನ ಡಬ್ಬಿಯಲ್ಲಿ ಮಿಕ್ಕದ್ದನ್ನು ಅದರಲ್ಲೇ ಬಿಡದೆ ಗಾಜಿನ ಪಾತ್ರೆಗೆ ತುಂಬಿ ಫ್ರಿಜ್ಜಿನಲ್ಲಿಡಬೇಕು. ನಾನು 50 ಗ್ರಾಂನ ಉಂಡೆಗಳನ್ನು ಮಾಡಿ, ಬಿಡಿಬಿಡಿಯಾಗಿ ಸುತ್ತಿ ಫ್ರೀಜರಿನಲ್ಲಿ ಇಡುತ್ತೇನೆ; ಕೆನೆ ಎಣ್ಣೆ ಬಿಡುವಷ್ಟರಲ್ಲಿ ಉಂಡೆಯೂ ಮೆತ್ತಗಾಗಿರುತ್ತದೆ.